ಹನ್ನೊಂದನೇ ವಾಲ್ವಿನ ಜನ

ನನ್ನ ಮಾವ, ಅಂದರೆ ಗಂಡನ ತಂದೆ, ಮೂವತ್ತಮೂರು ವರ್ಷ ಊರಿಗೆ ನೀರು ಬಿಟ್ಟವರು. ತಮ್ಮ ಎದೆಯಷ್ಟು ಎತ್ತರದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಗಾಗುವ ಮೊದಲೇ ಹೊರಟರೆ, ಬೀದಿ ಬೀದಿಯ ವಾಲ್ವ್ ತಿರುಗಿಸುತ್ತ ಸಾಗಿ ಹನ್ನೊಂದರ ಹೊತ್ತಿಗೆ ಮನೆ ಸೇರುತ್ತಿದ್ದರಂತೆ. ಊರಿಗೆಲ್ಲ ಒಟ್ಟಿಗೆ ಬಿಡುವಷ್ಟು ನೀರು ಟ್ಯಾಂಕಿನಲ್ಲಿ ಯಾವತ್ತೂ ಇರಲಿಲ್ಲ. ಹಾಗಾಗಿ ಪಾಳಿ. ಈ ಬೀದಿಗೆ ಎರಡು ಗಂಟೆ, ಆಮೇಲೆ ಆ ಬೀದಿಗೆ ಎರಡು ಗಂಟೆ. ನೀರು ಬಂದ ಬೀದಿಯವರು ಅವರನ್ನು ನೆನೆಯುತ್ತಿರಲಿಲ್ಲ. ಬಾರದ ಬೀದಿಯವರು ಮಾತ್ರ ಅವರ ಜೊತೆಗೆ ಅವರ ಏಳು ತಲೆಮಾರನ್ನೂ ನೆನೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದು, ಊರಿನ ಬಾಯಲ್ಲಿ ಅವರು ನೀರಣ್ಣ ಆಗಿಹೋದರು.

ಬೈಗುಳ ಹೊಟ್ಟೆಗೆ ಹಾಕಿಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಕೊಡ ಹಿಡಿದು ಅಡ್ಡಗಟ್ಟಿದವರ ಮುಂದೆ ಸೈಕಲ್ ನಿಲ್ಲಿಸಿ, ಅವರ ಮಾತು ಮುಗಿಯುವವರೆಗೆ ತಲೆ ಅಲ್ಲಾಡಿಸಿ, ಮತ್ತೆ ಪೆಡಲ್ ತುಳಿಯುತ್ತಿದ್ದರು. ಆದರೆ ಒಂದು ವಿಚಾರದಲ್ಲಿ ಅವರು ಬೇರೆ ನೀರು ಬಿಡುವವರಂತಲ್ಲ. ಉಳಿದವರು ವಾಲ್ವ್ ತಿರುಗಿಸಿ, ಪೈಪಿನೊಳಗೆ ಸದ್ದು ಕೇಳಿದರೆ ಸಾಕು, ಮುಂದಿನ ಬೀದಿಗೆ ಹೋಗುತ್ತಿದ್ದರು. ಮಾವ ಬೀದಿಯ ಆ ತುದಿಗೆ ಹೋಗಿ, ಕಟ್ಟಕಡೆಯ ಮನೆಯ ಬಾಗಿಲು ತಟ್ಟಿ, ಕುಡಿಯಲು ಒಂದು ಲೋಟ ನೀರು ಕೇಳುತ್ತಿದ್ದರು. ಲೋಟವನ್ನು ನಲ್ಲಿಗೇ ಹಿಡಿದು ತುಂಬಿಸಿ ಕೊಟ್ಟರೆ ಸರಿ. ಒಳಗೆ ಹೋಗಿ, ತಡಮಾಡಿ, ಮುಕ್ಕಾಲು ಲೋಟ ತಂದರೆ ಅಲ್ಲಿಗೆ ನೀರು ತಲುಪಿಲ್ಲ ಎಂದು ಅರ್ಥ. ಪೈಪಿನ ತುದಿಯ ಮನೆಯವರು ಜಗಳಕ್ಕೆ ಬರುವುದಿಲ್ಲವಂತೆ. ಅವರಿಗೆ ಸಾಕಾಗಿಹೋಗಿರುತ್ತದಂತೆ.

ಅವರು ನಿವೃತ್ತಿಯಾಗಿ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟುಕೊಟ್ಟು ನಮ್ಮ ಮನೆಗೆ ಬಂದಾಗ, ನಿಜ ಹೇಳಬೇಕೆಂದರೆ, ನನಗೆ ಸಂತೋಷವೇನೂ ಆಗಲಿಲ್ಲ. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರು ಬರಬೇಕಾದ್ದೇ ಸರಿ. ಆದರೆ ನಮ್ಮದು ಮೂರನೇ ಮಹಡಿಯ ಬೆಂಕಿಪೊಟ್ಟಣ. ಒಂದು ದೊಡ್ಡ ಕೋಣೆ, ಒಂದು ಸಣ್ಣ ಕೋಣೆ, ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಹಾಲ್, ಅದಕ್ಕೇ ಅಂಟಿಕೊಂಡ ಅಡುಗೆಮನೆ. ಗಂಡ ಮುದ್ರಣಾಲಯದಲ್ಲಿ ರಾತ್ರಿ ಪಾಳಿಯ ಮೆಷಿನ್ ಆಪರೇಟರ್. ಹಗಲೆಲ್ಲ ದೊಡ್ಡ ಕೋಣೆಯಲ್ಲಿ ಅವರ ನಿದ್ದೆ, ನಮಗೆಲ್ಲ ಪಿಸುಮಾತು. ಸಣ್ಣ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ನನ್ನ ಪುಸ್ತಕಗಳು. ಅಲ್ಲಿಗೆ ಮಾವನ ಮಂಚ ಬಂತು. ಪುಸ್ತಕಗಳು ಅಡುಗೆಮನೆಗೆ ಬಂದವು.

ಆ ಪುಸ್ತಕಗಳ ಕಥೆ ಹೇಳಿಬಿಡುತ್ತೇನೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಸಹಾಯಕಿ. ಗಾಜಿನ ಪಟ್ಟಿ ತೊಳೆಯುವುದು, ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುವುದು, ವಾರ್ಡಿನಿಂದ ವಾರ್ಡಿಗೆ ಓಡುವುದು. ಟೆಕ್ನಿಷಿಯನ್ ಆಗಲು ಇಲಾಖೆಯ ಪರೀಕ್ಷೆ ಬರೆಯಬೇಕು. ಮೊದಲ ಸಲ ನನ್ನ ತಪ್ಪಿನಿಂದಲೇ ಫೇಲಾದೆ. ಎರಡನೇ ಸಲ ಬರೆದದ್ದು ಮಾವ ಬಂದ ವರ್ಷ, ಆಗಲೂ ಫೇಲಾದೆ. ಉಳಿದಿದ್ದು ಒಂದೇ ಅವಕಾಶ, ಆಮೇಲೆ ವಯಸ್ಸು ಮೀರುತ್ತದೆ. ಅದೂ ಸಾಲದೆಂಬಂತೆ ಹೊಸ ನಿಯಮ ಬಂದಿತ್ತು: ಪಾಸಾಗದ ಹಂಗಾಮಿಯವರು ವರ್ಷದ ಕೊನೆಗೆ ಲ್ಯಾಬ್ ಬಿಡಬೇಕು. ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ರಕ್ತ ನೋಡಿ ಮನುಷ್ಯನೊಳಗೆ ಏನಾಗುತ್ತಿದೆ ಎಂದು ಹೇಳುವ ಆ ಕೆಲಸದ ಮೇಲೆ ನನಗೆ ಆಸೆ ಅಷ್ಟಿಷ್ಟಲ್ಲ. ಇದು ಗಂಡನಿಗೆ ಮಾತ್ರ ಗೊತ್ತಿತ್ತು. ಮಾವನಿಗೆ ನಾವು ಹೇಳಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಮನಸ್ಸಿನೊಳಗೇ ಜಗಳ ಆಡುವವಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಹಿಟ್ಟಿನ ಡಬ್ಬಿಗೆ ಪುಸ್ತಕ ಒರಗಿಸಿಕೊಂಡು, ಅವರ ಕೆಮ್ಮಿಗೂ ಅವರ ರೇಡಿಯೋಗೂ ಒಳಗೊಳಗೇ ಉತ್ತರ ಕೊಡುತ್ತಿದ್ದೆ.

ರೇಡಿಯೋ ಕೆಟ್ಟುಹೋದ ಮೇಲೆ ಮಾವ ಆಟಕ್ಕೆ ಬಿದ್ದರು. ಕಲಿಸಿದವಳು ನನ್ನ ಮಗಳು, ಆಗ ಹದಿಮೂರರವಳು. ಕಂಪ್ಯೂಟರಿನಲ್ಲಿ ಒಂದು ಖಾಲಿ ನಾಡು, ನದಿ, ಗುಡ್ಡ. ಅಲ್ಲಿ ಊರು ಕಟ್ಟುತ್ತ, ವಿದ್ಯೆ ಕಲಿಯುತ್ತ, ಅಕ್ಕಪಕ್ಕದ ರಾಜರನ್ನು ಸಂಭಾಳಿಸುತ್ತ ಸಾವಿರಾರು ವರ್ಷ ಒಂದು ನಾಗರಿಕತೆಯನ್ನು ಬೆಳೆಸುವ ಆಟ. ಮಗಳಿಗೆ ಯುದ್ಧ ಎಂದರೆ ಪ್ರಾಣ. ತಾತನಿಗೆ ಸೈನ್ಯದ ಗೋಜೇ ಬೇಡ. ಅವರ ಕಣ್ಣು ಬಿದ್ದಿದ್ದು ಪ್ರತಿ ಊರಿನ ಮೇಲೆ ಒತ್ತಿದರೆ ಪರದೆಯಲ್ಲಿ ತೆರೆಯುವ ಕಿಟಕಿಯೊಳಗೆ ಸಾಲಾಗಿ ನಿಂತ ಪುಟ್ಟ ಮುಖಗಳ ಮೇಲೆ. ನಗುವ ಮುಖ, ಸುಮ್ಮನಿರುವ ಮುಖ, ಹುಬ್ಬು ಗಂಟಿಕ್ಕಿದ ಮುಖ. ನಗುವವರಿಗಿಂತ ಸಿಡುಕುವವರು ಹೆಚ್ಚಾದರೆ ಊರಿನಲ್ಲಿ ದೊಂಬಿ, ಕೆಲಸವೆಲ್ಲ ಬಂದ್. ಇಷ್ಟು ವರ್ಷ ಬೈಗುಳ ಕೇಳಿಯೇ ಜನರ ಮನಸ್ಸು ತಿಳಿಯಬೇಕಾಗಿದ್ದ ಮನುಷ್ಯನಿಗೆ, ಎಲ್ಲರ ಮುಖವೂ ಒಂದೇ ಸಾಲಿನಲ್ಲಿ ಕಾಣುತ್ತದೆ ಎಂದರೆ ಸ್ವರ್ಗಕ್ಕೆ ಮೂರೇ ಗೇಣು.

ಊರುಗಳಿಗೆ ಹೆಸರಿಡಲು ಆಟ ಕೇಳುತ್ತದೆ. ಮಗಳ ಸಾಮ್ರಾಜ್ಯದಲ್ಲಿ ಸಿಂಹಗಿರಿ, ವಜ್ರಪುರ. ಮಾವನ ಸಾಮ್ರಾಜ್ಯದಲ್ಲಿ ಒಂದನೇ ವಾಲ್ವ್, ಎರಡನೇ ವಾಲ್ವ್, ಹೀಗೆ. ರಾಜಧಾನಿಗೆ ಯಾರಾದರೂ ಒಂದನೇ ವಾಲ್ವ್ ಅಂತ ಹೆಸರಿಡುತ್ತಾರಾ ಎಂದು ಅವಳು ಹಣೆ ಚಚ್ಚಿಕೊಂಡಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರತಿ ಊರಿನಲ್ಲೂ ಅವರು ಮೊದಲು ಕಟ್ಟುತ್ತಿದ್ದದ್ದು ನೀರಿನ ಕಾಲುವೆ, ಆಮೇಲೆ ಸ್ನಾನಗೃಹ. ಜನ ನಗುತ್ತಿದ್ದರು. ಸ್ವಲ್ಪ ಕಾಲ ಕಳೆದು ಊರು ಬೆಳೆದರೆ ಮತ್ತೆ ಸಿಡುಕು ಮುಖಗಳು. ಇದು ಅವರ ಮರ್ಯಾದೆಗೆ ತಗುಲಿತು. ನಲ್ಲಿಯಲ್ಲಿ ನೀರು ಬಂದರೂ ಮುಖ ಊದಿಸಿಕೊಳ್ಳುವ ಜನವೇ ಇವರ ಲೆಕ್ಕದಲ್ಲಿ ಇರಲು ಸಾಧ್ಯವಿಲ್ಲ. ನೀರು ಕೊಟ್ಟ ಮೇಲೆ ಇನ್ನೇನಂತೆ ಇವಕ್ಕೆ ಎಂದು ಊಟಕ್ಕೆ ಕೂತಾಗಲೂ ಗೊಣಗಿದರು. ಗ್ರಂಥಾಲಯ ಬೇಕು, ರಂಗಮಂದಿರ ಬೇಕು, ಉದ್ಯಾನ ಬೇಕು ತಾತಾ ಎಂದು ಮಗಳು ಬಿಡಿಸಿ ಹೇಳಿದಳು. ಒಲ್ಲದ ಮನಸ್ಸಿನಿಂದ ಒಂದು ರಂಗಮಂದಿರ ಕಟ್ಟಿದರು. ಮೂರು ಸಿಡುಕು ಮುಖಗಳು ಒಟ್ಟಿಗೆ ತಣ್ಣಗಾದವು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅಂದಿನಿಂದ ಅವರ ಬಾಯಲ್ಲಿ ರಂಗಮಂದಿರದ್ದೇ ಜಪ.

ಅವರ ಎಲ್ಲ ಊರುಗಳಲ್ಲಿ ಅವರಿಗೆ ಅಚ್ಚುಮೆಚ್ಚು ಕಡಲ ದಂಡೆಯ ಹನ್ನೊಂದನೇ ವಾಲ್ವ್. ಚಿಕ್ಕ ಊರು. ನಾಲ್ಕನೇ ವಾಲ್ವಿನವರು ಎರಡು ದಿನಕ್ಕೊಮ್ಮೆ ದೊಂಬಿ ಎಬ್ಬಿಸಿದರೆ, ಏಳನೇ ವಾಲ್ವಿನವರಿಗೆ ಉದ್ಯಾನ ಕೊಟ್ಟರೂ ಸಾಲದು. ಹನ್ನೊಂದರಿಂದ ಮಾತ್ರ ಒಂದು ದೂರೂ ಇಲ್ಲ. ಹೇಳಿದಷ್ಟು ಮೀನು, ಹೇಳಿದಷ್ಟು ಹಡಗು. ಮಾವ ಆ ಊರಿನ ಕಿಟಕಿ ತೆರೆದು ಎಷ್ಟೋ ಕಾಲವಾಗಿತ್ತು, ತೆರೆಯುವ ಅಗತ್ಯವೇ ಬಿದ್ದಿರಲಿಲ್ಲ. ಜನ ಅಂದರೆ ಹಂಗಿರಬೇಕು ಎಂದು ನಮ್ಮೆಲ್ಲರ ಮುಂದೆ ಹೊಗಳುತ್ತಿದ್ದರು. ಹಾಗೆ ಹೊಗಳಿದ ದಿನಗಳಲ್ಲಿ ನನ್ನನ್ನೂ ಹೊಗಳುತ್ತಿದ್ದರು, ನಮ್ಮ ಸೊಸೆ ಒಂದು ದಿನ ಎದುರು ಮಾತಾಡಿದವಳಲ್ಲ ಎಂದು. ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಹನ್ನೊಂದನೇ ವಾಲ್ವ್ ಕೈಬಿಟ್ಟಿತು. ಯುದ್ಧವಿಲ್ಲ, ಮುತ್ತಿಗೆಯಿಲ್ಲ. ಆಟದ ಮುಂದಿನ ಸರದಿಯ ಗುಂಡಿ ಒತ್ತಿದರು, ಊರಿನ ಮೇಲಿನ ಬಾವುಟ ಬದಲಾಗಿತ್ತು. ಬೇಸತ್ತ ಜನ ತಾವಾಗಿಯೇ ಪಕ್ಕದ ರಾಜನ ಕಡೆ ಸೇರಿಕೊಂಡಿದ್ದರು. ಮಾವ ಮೋಸ ಎಂದರು, ಕಂಪ್ಯೂಟರ್ ಹಾಳಾಗಿದೆ ಎಂದರು. ಮಗಳು ಶನಿವಾರ ಉಳಿಸಿಟ್ಟಿದ್ದ ಆಟವನ್ನು ತೆರೆದು ಆ ಊರಿನ ಕಿಟಕಿ ತೋರಿಸಿದಳು. ಒಂಬತ್ತು ಮುಖ. ನಾಲ್ಕು ನಗು, ನಾಲ್ಕು ಸಿಡುಕು, ಒಂದು ಸುಮ್ಮನೆ. ಎರಡೂ ಸರಿಸಮ ಇರುವವರೆಗೆ ಆಟ ಸುದ್ದಿ ಕೊಡುವುದಿಲ್ಲ, ನಾವೇ ಹೋಗಿ ನೋಡಬೇಕು ಎಂದು ಅವಳು ವಿವರಿಸಿದಳು. ಇಲ್ಲಿಂದಲೇ ಮತ್ತೆ ಆಡೋಣ, ಒಂದು ರಂಗಮಂದಿರ ಹಾಕಿದರೆ ಊರು ಉಳಿಯುತ್ತದೆ ಎಂದಳು. ಮಾವ ಬೇಡ ಅಂದರು. ಆ ಒಂಬತ್ತು ಮುಖಗಳನ್ನು ನೋಡುತ್ತ ತುಂಬ ಹೊತ್ತು ಕೂತಿದ್ದರು. ಅಂದು ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು, ನಾನು ಒಳಗೇ ಒಂದಷ್ಟು ಬೈದುಕೊಂಡೆ. ಆಟದ ಊರಿಗೆ ಇಷ್ಟು ದುಃಖವೇ ಎಂದು.

ಮರುದಿನ ಆಸ್ಪತ್ರೆಯಿಂದ ಬಂದು ಎಂದಿನಂತೆ ಸ್ಟೂಲಿನ ಮೇಲೆ ಕೂತಿದ್ದೆ. ಮಾವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು ಕುಡಿಯಲು ಒಂದು ಲೋಟ ನೀರು ಕೇಳಿದರು. ಯಾವತ್ತೂ ತಾವೇ ಬಗ್ಗಿಸಿಕೊಳ್ಳುವವರು. ನಾನು ಪುಸ್ತಕವನ್ನು ತಟ್ಟೆಯ ಕೆಳಗೆ ಸರಿಸಿ ಎದ್ದೆ. ನೀರು ಕೊಟ್ಟು ತಿರುಗುವಷ್ಟರಲ್ಲಿ ಅವರು ತಟ್ಟೆ ಎತ್ತಿ ನೋಡಿದ್ದರು. ಕಪಾಟಿನ ಬಾಗಿಲ ಒಳಗಡೆ ನಾನು ಅಂಟಿಸಿಕೊಂಡಿದ್ದ ರಕ್ತಕಣಗಳ ಚಿತ್ರಪಟವನ್ನೂ ನೋಡಿದರು.

"ಇಲ್ಲಿ ಕೂತು ಓದ್ತೀಯಾ?"

"ಹೂಂ ಮಾವ. ಪರೀಕ್ಷೆ ಇದೆ."

"ಎಷ್ಟು ದಿನದಿಂದ ಇಲ್ಲಿ?"

"ನೀವು ಬಂದಾಗಿನಿಂದ."

ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಹೊರಗೆ ಬಿದ್ದಾಗಿತ್ತು. ಎರಡು ವರ್ಷ ಒಳಗೊಳಗೇ ಆಡಿದ ಜಗಳವೆಲ್ಲ ಆ ಎರಡು ಪದಗಳಲ್ಲಿ ಮುಗಿದೇಹೋಯಿತು. ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ಕೊನೆಯ ಅವಕಾಶ ಎಂದೆ, ಆಗದಿದ್ದರೆ ಕೆಲಸವೇ ಹೋಗುತ್ತದೆ ಎಂದೆ, ಇನ್ನು ಮೂರು ತಿಂಗಳಿದೆ ಎಂದೆ. ಮಾವ ನೀರು ಪೂರ್ತಿ ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋದರು. ಮುದುಕರ ಮನಸ್ಸು ನೋಯಿಸಿದೆನಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಬೆಳಗ್ಗೆ ಎದ್ದರೆ ಸಣ್ಣ ಕೋಣೆಯ ಬಾಗಿಲಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿ ಅಂಟಿತ್ತು. ಅದರ ಮೇಲೆ ಮಾವನ ದಪ್ಪಕ್ಷರ, ನೀರಿನ ಬೋರ್ಡಿನ ಪ್ರಕಟಣೆಯದೇ ಧಾಟಿ. ಸಣ್ಣ ಕೋಣೆ, ಸಂಜೆ ನಾಲ್ಕರಿಂದ ಏಳು: ಸೊಸೆ. ಏಳರಿಂದ ಎಂಟು: ತಾತ. ಎಂಟರಿಂದ ಒಂಬತ್ತು: ಮೊಮ್ಮಗಳು. ನಾಲ್ಕು ಗಂಟೆಯ ಚಹಾ: ಮಗ ಎದ್ದು ತಾನೇ ಮಾಡಿಕೊಳ್ಳತಕ್ಕದ್ದು. ಪಾಳಿ ತಪ್ಪಿಸಿದವರ ಮೇಲೆ ಕ್ರಮ ಕೈಗೊಳ್ಳಲಾಗುವುದು.

ಮನೆಯಲ್ಲಿ ದೊಂಬಿ ಎದ್ದಿತು. ಶಾಲೆಯಿಂದ ಬಂದವಳಿಗೆ ಕಂಪ್ಯೂಟರಿಲ್ಲ ಎಂದು ಮಗಳು ಕೆಂಡವಾದಳು. ಅವಳು ಒಂದು ದೂರಿನ ಅರ್ಜಿ ಬರೆದು ಅದೇ ಬಾಗಿಲಿಗೆ ಅಂಟಿಸಿದಳು. ಮಾವ ಅದನ್ನು ಬಿಡಿಸಿ ಓದಿ, ಸ್ವೀಕರಿಸಲಾಗಿದೆ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಅವಳ ಕೈಗೇ ಕೊಟ್ಟರು. ಆಗ ಅವಳಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಗಂಡ ಮೊದಲ ದಿನ ಮಾಡಿದ ಚಹಾವನ್ನು ನಾನು ಲ್ಯಾಬಿಗೆ ಒಯ್ದು ಪರೀಕ್ಷಿಸಬೇಕಿತ್ತು. ಆದರೂ ಕುಡಿದೆ, ಏಕೆಂದರೆ ಅದನ್ನು ಅವರು ಸಣ್ಣ ಕೋಣೆಯ ಬಾಗಿಲಿಗೆ ತಂದುಕೊಟ್ಟಿದ್ದರು. ಮದುವೆಯಾಗಿ ಹದಿನೈದು ವರ್ಷದಲ್ಲಿ ಕೂತ ಕಡೆ ಚಹಾ ಬಂದದ್ದು ಅದೇ ಮೊದಲು. ಎರಡು ವಾರದಲ್ಲಿ ಚಹಾ ಸುಧಾರಿಸಿತು. ಮಗಳು ನಾಲ್ಕರಿಂದ ಏಳರೊಳಗೆ ಹಾಲ್‌ನಲ್ಲಿ ಕೂತು ಹೋಂವರ್ಕ್ ಮುಗಿಸಲು ಕಲಿತಳು. ಬೇರೆ ದಾರಿ ಇರಲಿಲ್ಲ.

ಮಾವ ಆ ಮೂರು ಗಂಟೆ ಪಾರ್ಕಿಗೆ ಹೋಗುತ್ತೇನೆ ಎಂದಿದ್ದರು. ನಾನು ನಂಬಿದ್ದೆ. ಕೆಳಗಿನ ಮಹಡಿಯ ಟೈಲರ್ ಸಿಕ್ಕಿ, ನಿಮ್ಮ ಮಾವನ ಕಾಟ ತಡೆಯೋಕಾಗ್ತಿಲ್ಲ ಎಂದು ನಗುತ್ತ ಹೇಳಿದಾಗಲೇ ಗೊತ್ತಾದದ್ದು. ಅವರು ಹೋಗುತ್ತಿದ್ದದ್ದು ನಮ್ಮ ಮೆಟ್ಟಿಲಿನ ಕೆಳಗಿನ ತಿರುವಿನವರೆಗೆ ಮಾತ್ರ. ಅಲ್ಲಿ ಬಣ್ಣದ ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ ಕೂರುತ್ತಿದ್ದರಂತೆ. ಮೆಟ್ಟಿಲಲ್ಲಿ ಚೆಂಡಾಡುವ ಮಕ್ಕಳನ್ನು ಮೈದಾನಕ್ಕೆ ಅಟ್ಟಿದ್ದರಂತೆ. ಸಾಮಾನು ಮಾರುವವರನ್ನು, ನನ್ನ ನಾದಿನಿಯನ್ನು, ಗ್ಯಾಸಿನವನನ್ನು ಸಹ ಏಳು ಗಂಟೆಗೆ ಬನ್ನಿ ಎಂದು ತಿರುಗಿಸಿ ಕಳಿಸಿದ್ದರಂತೆ. ಟೈಲರ್ ಹೊಲಿಗೆ ಯಂತ್ರ ಓಡಿಸಿದರೆ ಅದಕ್ಕೂ ತಕರಾರು. ಎರಡು ದಿನ ಗ್ಯಾಸ್ ಯಾಕೆ ಬರಲಿಲ್ಲ ಎಂದು ನಾನು ಏಜೆನ್ಸಿಯವರಿಗೆ ಫೋನಿನಲ್ಲಿ ಬೈದಿದ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಅದನ್ನು ಕೇಳಿದ ಮೇಲೆ ನಾನು ಓದಿದ ರೀತಿಯೇ ಬೇರೆ. ಕೆಳಗೆ ಮೊಣಕಾಲು ನೋವಿನ, ಅರವತ್ತು ದಾಟಿದ ಮನುಷ್ಯ ಡಬ್ಬಿಯ ಮೇಲೆ ಕೂತಿರುವಾಗ ಪುಸ್ತಕದ ಮುಂದೆ ಆಕಳಿಸಲು ಮನಸ್ಸಾದರೂ ಹೇಗೆ ಬರಬೇಕು? ಒಂದು ದಪ್ಪ ಮೆತ್ತೆ ಹೊಲಿಸಿ ಡಬ್ಬಿಗೆ ಕಟ್ಟಿಸಿದೆ. ಹೊಲಿದವರು ಅದೇ ಟೈಲರ್. ಮಾವ ಮರುದಿನದಿಂದ ಅದರ ಮೇಲೆಯೇ ಕೂತರು.

ಅವರ ಆಟ ಮಾತ್ರ ಹಳ್ಳ ಹಿಡಿಯಿತು. ದಿನಕ್ಕೆ ಒಂದು ಗಂಟೆ. ಅದರಲ್ಲೂ ಈಗ ಪ್ರತಿ ಸರದಿಗೂ ಪ್ರತಿ ಊರಿನ ಕಿಟಕಿ ತೆರೆದು ಎಲ್ಲ ಮುಖ ನೋಡಿಯೇ ಮುಂದಕ್ಕೆ. ಇವರ ಜನ ಸಂತೋಷದಿಂದ ಎತ್ತಿನ ಗಾಡಿ ಹೊಡೆಯುವಷ್ಟರಲ್ಲಿ ಪಕ್ಕದ ರಾಜ ರೈಲು ಬಿಟ್ಟಿದ್ದ. ತಾತಾ ನೀವು ಗೆಲ್ಲೋದು ಯಾವಾಗ ಎಂದು ಮಗಳು ರೇಗಿದರೆ, ಗೆಲ್ಲೋಕೆ ಯಾರು ಕೂತಿದಾರೆ ಎಂದರು.

ಪರೀಕ್ಷೆ ಬರೆದೆ. ಬರವಣಿಗೆ ಒಂದು ದಿನ, ಪ್ರಾಯೋಗಿಕ ಮರುದಿನ. ಸೂಕ್ಷ್ಮದರ್ಶಕದ ಮುಂದೆ ಕೂತೆ. ನೂರು ಬಿಳಿಯ ಕಣಗಳನ್ನು ಜಾತಿ ಜಾತಿಯಾಗಿ ಬೇರ್ಪಡಿಸಿ ಎಣಿಸಬೇಕಿತ್ತು, ಎಣಿಸಿದೆ. ಆಮೇಲೆ ಆರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಆ ಆರು ವಾರವೂ ಮಾವ ನಾಲ್ಕಕ್ಕೆ ಎದ್ದು ಹೊರಗೆ ನಡೆಯುತ್ತಿದ್ದರು. ಫಲಿತಾಂಶ ಬರುವವರೆಗೆ ಬಿಡುವಂತಿಲ್ಲ ಎಂದು ಅವರ ಹಟವಿರಬೇಕೆಂದುಕೊಂಡೆ. ಯಾವುದೋ ಪುಸ್ತಕ ಓದುವ ನೆಪದಲ್ಲಿ ನಾನೂ ಒಳಗೆ ಕೂರುತ್ತಿದ್ದೆ.

ಫಲಿತಾಂಶದ ಹಾಳೆಯನ್ನು ಲ್ಯಾಬಿನ ಹೊರಗಿನ ಫಲಕಕ್ಕೆ ಹಚ್ಚಿದರು. ಒಂಬತ್ತು ಜನ ಪಾಸು. ನನ್ನ ನಂಬರು ಐದನೆಯದು. ಬೆರಳಿಟ್ಟು ಮೂರು ಸಲ ಓದಿ, ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಗಂಡನಿಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಮೊದಲು ಹೇಳಬೇಕಾದವರು ಯಾರೆಂದು ನನಗೆ ಗೊತ್ತಿತ್ತು.

ನಾಲ್ಕು ಹತ್ತಕ್ಕೆ ಮೆಟ್ಟಿಲು ಹತ್ತಿದೆ. ಮಾವ ತಿರುವಿನಲ್ಲಿ ಕೂತಿದ್ದರು. ತಡವಾಯ್ತಲ್ಲ ಎಂದರು. ಪಾಸಾದೆ ಮಾವ ಎಂದೆ. ಅವರು ಗೋಡೆ ಹಿಡಿದು ಎದ್ದು ನಿಂತರು. ಕೆಲಸ ಖಾಯಂ ಆಯ್ತಾ ಎಂದು ಕೇಳಿದರು. ಆಯಿತು ಎಂದೆ. ಒಂದು ಸಲ ನನ್ನ ತಲೆಯ ಮೇಲೆ ಕೈ ಇಟ್ಟು, ತಕ್ಷಣ ತೆಗೆದು, ಎಲ್ಲಿ ಇಡಬೇಕೆಂದು ಗೊತ್ತಾಗದೆ ಜೇಬಿಗೆ ಹಾಕಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಇದು ನಿಮ್ಮಿಂದ ಆದದ್ದು, ಎರಡು ವರ್ಷ ನಿಮ್ಮ ಮೇಲೆ ಮನಸ್ಸಿನಲ್ಲೇ ಸಿಟ್ಟು ಇಟ್ಟುಕೊಂಡಿದ್ದೆ, ಕ್ಷಮಿಸಿ ಎಂದು ಅಲ್ಲೇ ಹೇಳಿಬಿಟ್ಟೆ. ಅದು ಗೊತ್ತಿತ್ತು ಅನ್ನುವ ಹಾಗೆ ತಲೆ ಅಲ್ಲಾಡಿಸಿ ಅವರು ಮತ್ತೆ ಡಬ್ಬಿಯ ಮೇಲೆ ಕೂತರು.

"ಇಲ್ಲಿ ಯಾಕೆ ಕೂತ್ರಿ ಮಾವ? ಮೇಲೆ ಬನ್ನಿ. ಕೋಣೆ ಇನ್ನು ನಿಮ್ಮದೇ."

"ನಾಲ್ಕರಿಂದ ಏಳು ನಿಂದು."

"ಪರೀಕ್ಷೆ ಮುಗೀತಲ್ಲ."

"ಪರೀಕ್ಷೆಗೆ ಅಂತ ನಾನೆಲ್ಲಿ ಬರೆದಿದ್ದೆ? ಹಾಳೆ ನೋಡು ಹೋಗು. ಸೊಸೆ ಅಂತಷ್ಟೇ ಇದೆ."

"ಓದೋಕೆ ಏನೂ ಇಲ್ಲ. ಒಳಗೆ ಹೋಗಿ ಏನು ಮಾಡ್ಲಿ?"

"ಅದು ನನಗ್ಯಾಕಮ್ಮ? ಮೂವತ್ಮೂರು ವರ್ಷ ನೀರು ಬಿಟ್ಟಿದೀನಿ. ಬಿಟ್ಟ ನೀರಲ್ಲಿ ಏನು ಮಾಡ್ತೀರಿ ಅಂತ ಒಬ್ಬರನ್ನೂ ಕೇಳಿಲ್ಲ."

ನಾನು ಮೇಲೆ ಹೋಗಿ, ಸಣ್ಣ ಕೋಣೆಯ ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಏಳು ಗಂಟೆಯವರೆಗೆ ಏನೂ ಮಾಡಲಿಲ್ಲ. ಯಾರೂ ಬಾಗಿಲು ತಟ್ಟಲಿಲ್ಲ.